ಮೂರು ಕಂಟೇನರಿಗೆ ಕ್ಲಸ್ಟರ್ ಬೇಕಾ ಮಾರಾಯ್ರೆ?

ಕೊಟ್ಟಾರ ಚೌಕಿ:
ನಮ್ಮದು ಮಂಗಳೂರಿನಲ್ಲಿ ಮೂರು ಜನರ ಸಣ್ಣ ಆಫೀಸು. ಮಲ್ಪೆಯ ಬೋಟ್ ಮಾಲೀಕರಿಗೆ ಲೆಕ್ಕದ ಆ್ಯಪ್ ಮಾಡಿ ಕೊಟ್ಟಿದ್ದೇವೆ. ಡೀಸೆಲ್ ಎಷ್ಟು, ಐಸ್ ಎಷ್ಟು, ಏಲಂನಲ್ಲಿ ಮೀನು ಎಷ್ಟಕ್ಕೆ ಹೋಯಿತು, ಕಲಾಸಿಗಳ ಪಾಲು ಎಷ್ಟು, ಇಷ್ಟೇ. ವೆಬ್, ಎಪಿಐ, ಮೆಸೇಜ್ ಕಳಿಸುವ ವರ್ಕರ್ ಅಂತ ಮೂರು ಕಂಟೇನರ್ (ಒಂದೊಂದು ಪ್ರೋಗ್ರಾಮಿಗೆ ಒಂದೊಂದು ಪೆಟ್ಟಿಗೆ ಇದ್ದ ಹಾಗೆ), ಹಿಂದೆ ಡೇಟಾಬೇಸಾಗಿ ಒಂದು ಪೋಸ್ಟ್‌ಗ್ರೆಸ್. ಎಲ್ಲವೂ ಒಂದೇ ಕ್ಲೌಡ್ ಮಶೀನಿನಲ್ಲಿ. ಅದನ್ನು ಕೈಯಲ್ಲೇ ಸೆಟಪ್ ಮಾಡಿದ ಅಣ್ಣ ಬೆಂಗಳೂರಿಗೆ ಹೋದರು. ಒಳಗೆ ಎಂತೆಲ್ಲ ಉಂಟು ಅಂತ ನಮಗೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕ್ಲೌಡಿನ ಮಶೀನು, ನೆಟ್ವರ್ಕ್ ಎಲ್ಲ ಕೋಡಿನಲ್ಲಿ ಬರೆದು ಕಟ್ಟುವ ಟೂಲ್ ಟೆರಾಫಾರ್ಮಿನಲ್ಲಿ ಬರೆದು ಮೂರು ನೋಡಿನ (ಅಂದ್ರೆ ಮೂರು ಮಶೀನಿನ) ಕೆ3ಎಸ್ ಕ್ಲಸ್ಟರ್ ಹಾಕುವ ಅಂತ ಯೋಚನೆ. ಕೆ3ಎಸ್ ಅಂದ್ರೆ ಹಲವು ಮಶೀನುಗಳಲ್ಲಿ ಕಂಟೇನರ್ ನೋಡಿಕೊಳ್ಳುವ ಕುಬರ್ನೆಟಿಸಿನ ಹಗುರ ರೂಪ. ಬೇಕಾ, ಬೇಡ್ವಾ?

ಮಂಡೆ ಬಿಸಿ:
ಬೇಡ. ಮೂರು ಕಂಟೇನರಿಗೆ ಕುಬರ್ನೆಟಿಸ್ ಅಂದ್ರೆ ಎರಡು ಬಂಗುಡೆ ತರಲಿಕ್ಕೆ ಲಾರಿ ತೆಗೆದುಕೊಂಡು ಹೋದ ಹಾಗೆ. ಒಂದು ಮಶೀನ್, ಮೂರನ್ನೂ ಒಟ್ಟಿಗೆ ಓಡಿಸುವ ಒಂದು ಡಾಕರ್ ಕಂಪೋಸ್ ಫೈಲು, ರಾತ್ರಿ ಒಂದು ಬ್ಯಾಕಪ್. ಮುಗಿಯಿತು. ಅಮೆಜಾನ್ ನೋಡಿಕೊಳ್ಳುವ ಕುಬರ್ನೆಟಿಸ್ ಇಕೆಎಸ್ ತೆಗೆದುಕೊಂಡರೆ ಕ್ಲಸ್ಟರ್ ನಡೆಸುವ ಕಂಟ್ರೋಲ್ ಪ್ಲೇನಿಗೇ ಗಂಟೆಗೆ 10 ಸೆಂಟ್. ತಿಂಗಳಿಗೆ 73 ಡಾಲರ್ ಆಯಿತು. ಕಂಟೇನರ್ ಓಡಿಸುವ ಮಶೀನುಗಳ ದುಡ್ಡು ಬೇರೆ. ಬೋಟ್ ಮಾಲೀಕರು ನಿಮಗೆ ತಿಂಗಳಿಗೆ ಎಷ್ಟು ಕೊಡುತ್ತಾರೆ, ಸತ್ಯ ಹೇಳಿ?

ಕೊಟ್ಟಾರ ಚೌಕಿ:
ಅದನ್ನು ಮಾತ್ರ ಕೇಳಬೇಡಿ ಅಣ್ಣ. ಅದಕ್ಕೇ ಇಕೆಎಸ್ ಬಿಟ್ಟು ಕೆ3ಎಸ್ ಅಂದದ್ದು.

ಟೈಗರ್ ಸರ್ಕಲ್:
ಮಂಡೆ ಬಿಸಿಯವರೇ, ನೀವು ಎರಡು ವಿಷಯ ಕಲಸಿಬಿಟ್ಟಿರಿ. ಕ್ಲಸ್ಟರ್ ಬೇಕಾ ಅನ್ನೋದು ಬೇರೆ, ಕೋಡಿನಲ್ಲಿ ಬರೆದಿಡಬೇಕಾ ಅನ್ನೋದು ಬೇರೆ. ಅವರಿಗೆ ಇರುವ ತಲೆನೋವು ಎರಡನೆಯದು. ಸೆಟಪ್ ಮಾಡಿದವರು ಊರು ಬಿಟ್ಟರೆ ಮಶೀನು ಅನಾಥ ಆಗುತ್ತದೆ, ಅಲ್ವಾ? ಒಂದೇ ಮಶೀನ್ ಇದ್ದರೂ ಟೆರಾಫಾರ್ಮಿನಲ್ಲಿ ಬರೆಯಿರಿ.

ಇನ್ನೊಂದು, ಇದು ಮಲ್ಪೆಯ ಆ್ಯಪ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ನೀರಿಗೆ ಇಳಿಯುವುದಿಲ್ಲ. 61 ದಿನ ಏಲವೇ ಇಲ್ಲದಾಗ ಮೂರು ಮಶೀನು ಯಾಕೆ ಓಡಬೇಕು? ಕೋಡ್ ಇದ್ದರೆ ಜೂನಿನಲ್ಲಿ ಡೆಸ್ಟ್ರಾಯ್ ಕೊಟ್ಟು ಅಳಿಸಿ, ಆಗಸ್ಟಿನಲ್ಲಿ ಅಪ್ಲೈ ಕೊಟ್ಟು ಮತ್ತೆ ಕಟ್ಟಿ. ಕೈಯಲ್ಲಿ ಕಟ್ಟಿದ್ದನ್ನು ಬಿಚ್ಚಲಿಕ್ಕೆ ಯಾರಿಗೂ ಧೈರ್ಯ ಬರುವುದಿಲ್ಲ.

ಬೈಕಂಪಾಡಿ ನೈಟ್ ಶಿಫ್ಟ್:
ಡೆಸ್ಟ್ರಾಯ್ ಅಂತ ಅಷ್ಟು ಸಲೀಸಾಗಿ ಹೇಳಬೇಡಿ. ನಾನು ಕೈ ಸುಟ್ಟುಕೊಂಡಿದ್ದೇನೆ. ಮ್ಯಾನೇಜ್ಡ್ ಕ್ಲಸ್ಟರ್ ಇತ್ತು, ನೆಟ್‌ವರ್ಕ್ ಸಹಿತ ಎಲ್ಲ ಟೆರಾಫಾರ್ಮಿನಲ್ಲಿ. ಡೆಸ್ಟ್ರಾಯ್ ಕೊಟ್ಟೆ. ನೋಡುಗಳು ಹೋದವು, ಕಂಟ್ರೋಲ್ ಪ್ಲೇನ್ ಹೋಯಿತು. ನೆಟ್‌ವರ್ಕ್ ಅಳಿಸುವ ಕಡೆ ಬಂದು ನಿಂತಿತು. "ಸ್ಟಿಲ್ ಡೆಸ್ಟ್ರಾಯಿಂಗ್, ಹತ್ತು ನಿಮಿಷ", "ಸ್ಟಿಲ್ ಡೆಸ್ಟ್ರಾಯಿಂಗ್, ಹದಿನೈದು ನಿಮಿಷ". ನಾನು ಚಾ ಕುಡಿದು ಬಂದರೂ ಅದೇ. ಕಡೆಗೆ ಎರರ್.

ಆಗಿದ್ದು ಏನಂದ್ರೆ, ಹೊರಗಿಂದ ಬಂದ ಟ್ರಾಫಿಕ್ ಹಂಚುವ ಲೋಡ್ ಬ್ಯಾಲೆನ್ಸರನ್ನು ಮಾಡಿದ್ದು ಟೆರಾಫಾರ್ಮ್ ಅಲ್ಲ. ನಾವು ಕ್ಲಸ್ಟರಿನೊಳಗೆ ಒಂದು ಸರ್ವಿಸ್ ಹಾಕಿದ್ದೆವು, ಅದನ್ನು ನೋಡಿ ಕುಬರ್ನೆಟಿಸ್ ತಾನೇ ಕ್ಲೌಡಿಗೆ ಹೇಳಿ ತರಿಸಿಕೊಂಡಿತ್ತು. ಟೆರಾಫಾರ್ಮಿನ ಪುಸ್ತಕದಲ್ಲಿ ಅದರ ಹೆಸರೇ ಇಲ್ಲ. ಕ್ಲಸ್ಟರ್ ಸತ್ತ ಮೇಲೆ ಅದನ್ನು ಅಳಿಸುವವರು ಯಾರೂ ಉಳಿಯಲಿಲ್ಲ. ಅದು ನೆಟ್‌ವರ್ಕಿನಲ್ಲಿ ಕೂತುಕೊಂಡಿತ್ತು, ಹಾಗಾಗಿ ನೆಟ್‌ವರ್ಕ್ ಅಳಿಯಲಿಲ್ಲ. ಅದಾದರೂ ಕಣ್ಣಿಗೆ ಬಿತ್ತು. ಪಾಡುಗಳು (ಕ್ಲಸ್ಟರಿನೊಳಗೆ ಓಡುವ ಕಂಟೇನರುಗಳು) ತರಿಸಿಕೊಂಡ ಡಿಸ್ಕುಗಳು ಸದ್ದಿಲ್ಲದೆ ಉಳಿದಿದ್ದವು. ತಿಂಗಳ ಬಿಲ್ಲು ಬಂದಾಗಲೇ ಗೊತ್ತಾಗಿದ್ದು.

ಮೊದಲು ಒಳಗಿನ ಸರ್ವಿಸು, ವಾಲ್ಯೂಮು ಅಳಿಸಿ. ಕ್ಲೌಡಿನ ಪುಟದಲ್ಲಿ ಅವು ಹೋದದ್ದನ್ನು ಕಣ್ಣಾರೆ ನೋಡಿ. ಆಮೇಲೆ ಡೆಸ್ಟ್ರಾಯ್.

ಮಂಡೆ ಬಿಸಿ:
ನೋಡಿ, ನಾನು ಹೇಳಿದ್ದು ಇದೇ! ಕಂಪೋಸಿನಲ್ಲಿ ಈ ರಗಳೆ ಉಂಟಾ?

ಬೈಕಂಪಾಡಿ ನೈಟ್ ಶಿಫ್ಟ್:
ಇಲ್ಲ, ಅದು ಒಪ್ಪಿದೆ. ಆದರೆ ಮಶೀನ್ ಹೋದರೆ ಕಂಪೋಸ್ ಫೈಲಿನಲ್ಲಿ ಫೈರ್‌ವಾಲ್, ಡಿಎನ್‌ಎಸ್, ಡಿಸ್ಕ್ ಯಾವುದೂ ಇರುವುದಿಲ್ಲ. ಅದೂ ಸತ್ಯ ಅಲ್ವಾ?

ಸುರತ್ಕಲ್ ಬೀಚ್:
ಟೆರಾಫಾರ್ಮ್ ಯಾಕೆ, ಅದರದೇ ಕವಲು ಓಪನ್‌ಟೋಫು ತೆಗೆದುಕೊಳ್ಳಿ. 2023ರ ಆಗಸ್ಟಿನಲ್ಲಿ ಟೆರಾಫಾರ್ಮ್ ಮಾಡುವ ಹ್ಯಾಶಿಕಾರ್ಪ್ ಲೈಸೆನ್ಸ್ ಬದಲಾಯಿಸಿದ ಮೇಲೆ ಹುಟ್ಟಿದ್ದು, ಲಿನಕ್ಸ್ ಫೌಂಡೇಶನ್ ಕೆಳಗೆ ಉಂಟು.

ಟೈಗರ್ ಸರ್ಕಲ್:
ತಮ್ಮಾ, ಸ್ವಂತ ಆ್ಯಪ್ ಓಡಿಸುವವರಿಗೆ ಆ ಲೈಸೆನ್ಸಿನಿಂದ ಏನೂ ಆಗುವುದಿಲ್ಲ. ಆದರೆ ಓಪನ್‌ಟೋಫು 1.7ರಿಂದ ಸ್ಟೇಟ್ ಫೈಲನ್ನು ಬೇರೆಯವರು ಓದದ ಹಾಗೆ ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕಲಿಕ್ಕೆ ಬರುತ್ತದೆ. ಆ ಕಾರಣಕ್ಕೆ ತೆಗೆದುಕೊಂಡರೆ ನನ್ನ ವೋಟೂ ಅದಕ್ಕೇ.

ಕೊಟ್ಟಾರ ಚೌಕಿ:
ಬೀಗ ಯಾಕೆ ಅಕ್ಕ? ಸ್ಟೇಟ್ ಫೈಲ್ ಈಗ ನನ್ನ ಲ್ಯಾಪ್‌ಟಾಪಿನಲ್ಲೇ ಉಂಟು, ಸುಮ್ನೆ ಟೆಸ್ಟಿಗೆ.

ಟೈಗರ್ ಸರ್ಕಲ್:
ಅಯ್ಯೋ! ಏನೇನು ಕಟ್ಟಿದ್ದೇವೆ ಅಂತ ಟೆರಾಫಾರ್ಮ್ ಬರೆದಿಟ್ಟ ಲೆಕ್ಕ ಅದು. ಡೇಟಾಬೇಸ್ ಪಾಸ್‌ವರ್ಡ್, ಕೆ3ಎಸ್ ಟೋಕನ್ ಕೋಡಿನಲ್ಲಿ ಹಾದುಹೋದರೆ ಅದರೊಳಗೆ ಬರಿಗಣ್ಣಿಗೆ ಓದುವ ಹಾಗೆ ಕೂತಿರುತ್ತವೆ. ಗಿಟ್‌ಗೆ ಹಾಕಲೇಬೇಡಿ. ಮಳೆಗಾಲದಲ್ಲಿ ಲ್ಯಾಪ್‌ಟಾಪ್ ಬ್ಯಾಗಿನೊಳಗೆ ನೀರು ಹೋದರೆ ಕ್ಲಸ್ಟರ್ ಓಡುತ್ತಲೇ ಇರುತ್ತದೆ, ಟೆರಾಫಾರ್ಮಿಗೆ ಮಾತ್ರ ಅದರ ಗುರುತು ಇರುವುದಿಲ್ಲ. ಕ್ಲೌಡಿನ ಸ್ಟೋರೇಜ್ ಬಕೆಟಿನಲ್ಲಿ ಇಡಿ. ಹಳೆ ಪ್ರತಿಗಳನ್ನು ಉಳಿಸುವ ವರ್ಷನಿಂಗ್ ಆನ್ ಮಾಡಿ. ಇಬ್ಬರು ಒಟ್ಟಿಗೆ ಅಪ್ಲೈ ಕೊಡದ ಹಾಗೆ ಲಾಕ್ ಹಾಕಿ.

ಬೈಕಂಪಾಡಿ ನೈಟ್ ಶಿಫ್ಟ್:
ಮತ್ತೆ ಏನೇನು ಬದಲಾಗುತ್ತದೆ ಅಂತ ಟೆರಾಫಾರ್ಮ್ ಮೊದಲೇ ತೋರಿಸುವ ಪ್ಲಾನ್ ಓದದೆ "ಯೆಸ್" ಒತ್ತಬೇಡಿ. ಹೊಸಬರು ಮಶೀನಿನ ಓಎಸ್‌ಗೆ "ಇತ್ತೀಚಿನ ಉಬುಂಟು ಇಮೇಜ್ ಹುಡುಕು" ಅಂತ ಬರೆದಿಡುತ್ತಾರೆ. ನೋಡಲಿಕ್ಕೆ ಚಂದ. ಒಂದು ತಿಂಗಳು ಬಿಟ್ಟು ಫೈರ್‌ವಾಲಿನ ಒಂದು ಪೋರ್ಟ್ ಬದಲಾಯಿಸಲಿಕ್ಕೆ ಹೋಗುತ್ತೀರಿ. ಅಷ್ಟರಲ್ಲಿ ಹೊಸ ಇಮೇಜ್ ಬಂದಿರುತ್ತದೆ. ಪ್ಲಾನಿನಲ್ಲಿ ಮಶೀನಿನ ಎದುರು "ಮಸ್ಟ್ ಬಿ ರೀಪ್ಲೇಸ್ಡ್", ಅಂದ್ರೆ ಹಳೆಯದು ಅಳಿಸಿ ಹೊಸದು ಕಟ್ಟಬೇಕು ಅಂತ ಇರುತ್ತದೆ, ನೀವು ಪೋರ್ಟಿನ ಸಾಲು ಮಾತ್ರ ನೋಡಿರುತ್ತೀರಿ. ಡೇಟಾ ಅದೇ ಮಶೀನಿನ ಡಿಸ್ಕಿನಲ್ಲಿದ್ದರೆ ಕಥೆ ಮುಗಿಯಿತು. ಇಮೇಜಿನ ಐಡಿ ಬರೆದು ಕಟ್ಟಿಹಾಕಿ.

ಮಂಡೆ ಬಿಸಿ:
ಹೋಗಲಿ, ಕೋಡಿಗೆ ನಾನು ಒಪ್ಪಿದೆ. ಮೂರು ನೋಡು ಯಾಕೆ? ಎರಡು ಸಾಕಲ್ಲ, ದುಡ್ಡು ಉಳಿಯುತ್ತದೆ.

ಬೈಕಂಪಾಡಿ ನೈಟ್ ಶಿಫ್ಟ್:
ಕ್ಲಸ್ಟರಿನ ಲೆಕ್ಕ ಬರೆದಿಡುವ ಡೇಟಾಬೇಸಾಗಿ ಇಟಿಸಿಡಿ ಇಟ್ಟುಕೊಂಡರೆ ಎರಡು ಸರ್ವರ್ ಒಂದಕ್ಕಿಂತ ಕಡೆ. ಅರ್ಧಕ್ಕಿಂತ ಜಾಸ್ತಿ ಜನ ಹಾಜರಿದ್ದರೆ ಮಾತ್ರ ಅದು ಬರೆದುಕೊಳ್ಳುತ್ತದೆ. ಎರಡರಲ್ಲಿ ಒಂದು ಬಿದ್ದರೆ ಉಳಿದದ್ದು ಸುಮ್ಮನೆ ಕೂರುತ್ತದೆ. ಮೂರಿದ್ದರೆ ಒಂದು ಬೀಳಬಹುದು. ಹಾಗಾಗಿ ಒಂದು, ಇಲ್ಲ ಮೂರು. ಒಂದೇ ಸರ್ವರ್ ಆದರೆ ಕೆ3ಎಸ್ ಸಣ್ಣ ಡೇಟಾಬೇಸ್ ಆದ ಎಸ್‌ಕ್ಯೂಲೈಟಿನಲ್ಲೇ ಕೆಲಸ ಮಾಡುತ್ತದೆ, ಇಟಿಸಿಡಿಯೇ ಬೇಡ. ನಿಮಗೆ ಒಂದು ಸಾಕು ಅಂತ ನನಗೆ ಅನಿಸುತ್ತದೆ.

ಕೊಟ್ಟಾರ ಚೌಕಿ:
ಬೆಳಿಗ್ಗೆ ಏಲದ ಹೊತ್ತಿಗೆ ಬಿದ್ದರೆ ಫೋನು ಬರುವುದು ನನಗೆ. ಅದೇ ಹೆದರಿಕೆ. ಮತ್ತೆ ಅಕ್ಕ ಹೇಳಿದ ಜೂನಿನ ಡೆಸ್ಟ್ರಾಯ್ ಪೂರ್ತಿ ಆಗುವುದಿಲ್ಲ. ಬೋಟ್ ರಿಪೇರಿಯ ಸಮಯದಲ್ಲಿ ಮಾಲೀಕರು ಹಳೆ ಲೆಕ್ಕ ನೋಡುತ್ತಾರೆ.

ಟೈಗರ್ ಸರ್ಕಲ್:
ಒಳ್ಳೆ ಮಾತು, ನಾನು ಆ ಕಡೆ ಯೋಚಿಸಿರಲಿಲ್ಲ. ಹಾಗಾದರೆ ಎರಡು ಫೋಲ್ಡರ್, ಎರಡು ಸ್ಟೇಟ್ ಮಾಡಿ. ಪೋಸ್ಟ್‌ಗ್ರೆಸ್, ಬ್ಯಾಕಪ್ ಒಂದರಲ್ಲಿ, ಅದಕ್ಕೆ "ಪ್ರಿವೆಂಟ್ ಡೆಸ್ಟ್ರಾಯ್" ಹಾಕಿ. ಮಶೀನುಗಳು ಇನ್ನೊಂದರಲ್ಲಿ. ಎಲ್ಲ ಒಂದೇ ಕಡೆ ಇಟ್ಟರೆ ಆ ಒಂದು ಸಾಲಿನಿಂದ ಇಡೀ ಡೆಸ್ಟ್ರಾಯ್ ಎರರ್ ಆಗಿ ನಿಲ್ಲುತ್ತದೆ. ಜೂನಿನಲ್ಲಿ ದೊಡ್ಡ ಮಶೀನ್ ತೆಗೆದು ಸಣ್ಣದು ಹಾಕಿ, ಸಾಕು.

ಕೊಟ್ಟಾರ ಚೌಕಿ:
ಸರಿ, ಒಂದು ಮಶೀನ್, ಒಂದೇ ನೋಡಿನ ಕೆ3ಎಸ್, ಪೋಸ್ಟ್‌ಗ್ರೆಸ್ ಹೊರಗೆ. ಬರೆಯಲು ಕೂತೆವು. ಅಲ್ಲೇ ಸಿಕ್ಕಿಬಿದ್ದೆವು. ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸಗಳ ಪಟ್ಟಿ, ಹಳೆ ಮಶೀನಿನ ಕ್ರಾನ್‌ಟ್ಯಾಬ್ ತೆರೆದರೆ 11 ಸಾಲು ಉಂಟು. ನಮಗೆ ಗೊತ್ತಿದ್ದದ್ದು ನಾಲ್ಕು. ಒಂದು ಸಾಲು ದಿನಾ ಬೆಳಿಗ್ಗೆ ಮೂರೂವರೆಗೆ ಎಪಿಐಯನ್ನು ರೀಸ್ಟಾರ್ಟ್ ಮಾಡುತ್ತದೆ.

ಮಂಡೆ ಬಿಸಿ:
ಮೆಮೊರಿ ಲೀಕ್ ಇರಬೇಕು. ಬೆಂಗಳೂರಿಗೆ ಫೋನ್ ಮಾಡಿ ಮಾರಾಯ್ರೆ, ಕೋಡ್ ಆಮೇಲೆ ಬರೆಯುವ.