ಸಹಾಯ ಬೇಕು: ದೂರದಲ್ಲಿರುವ ಅಪ್ಪ ಅಮ್ಮನ ಆರೋಗ್ಯ ನೋಡಿಕೊಳ್ಳುವ ಆ್ಯಪ್

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಒಂದು ಕಡೆ, ನಾನು ಇನ್ನೊಂದು ಕಡೆ, ಅಕ್ಕ ಮತ್ತೆಲ್ಲೋ. ಅಪ್ಪನಿಗೆ ಬಿಪಿ, ಅಮ್ಮನಿಗೆ ಶುಗರ್. ಮಾತ್ರೆ ತಗೊಂಡ್ರಾ ಅಂತ ದಿನಾ ಫೋನ್ ಮಾಡಿ ಕೇಳಿದರೆ ಇಬ್ಬರಿಗೂ ಸಿಟ್ಟು, ಕೇಳದಿದ್ದರೆ ನನಗೆ ನಿದ್ದೆ ಇಲ್ಲ. ಅದಕ್ಕೇ ಫ್ಲಟರ್‌ನಲ್ಲಿ (ಆ್ಯಪ್ ತಯಾರಿಸುವ ಗೂಗಲ್‌ನ ಟೂಲ್) ಒಂದು ಆ್ಯಪ್ ಮಾಡಲು ಕೂತಿದ್ದೇನೆ.

ದೊಡ್ಡ ತಲೆನೋವು ಅಲಾರಂ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೆ ಅನುಮತಿ ಕೇಳಲೇಬೇಕು, 14ರಲ್ಲಿ ಹೊಸದಾಗಿ ಹಾಕಿದ ಹೆಚ್ಚಿನ ಆ್ಯಪ್‌ಗಳಿಗೆ ನಿಖರ ಸಮಯದ ಅಲಾರಂ ಇಡಲು ತಾನಾಗಿ ಅನುಮತಿ ಸಿಗಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕು, ಅದರ ಮೇಲೆ ಬ್ಯಾಟರಿ ಉಳಿಸುವ ನೆಪದಲ್ಲಿ ಫೋನೇ ಆ್ಯಪನ್ನು ಮಲಗಿಸಿಬಿಡುತ್ತದೆ. ಬೆಳಗ್ಗೆ 8ರ ಮಾತ್ರೆಗೆ 10ಕ್ಕೆ ಸದ್ದು ಬಂದರೆ ಏನು ಪ್ರಯೋಜನ? ಸರ್ವರ್‌ನಿಂದ ಪುಶ್ (ನೆಟ್ ಮೂಲಕ ಬರುವ ನೋಟಿಫಿಕೇಶನ್) ಕಳಿಸೋಣ ಅಂದರೆ ನೆಟ್ ಇಲ್ಲದಾಗ ಅದೂ ಇಲ್ಲ. ಎರಡನ್ನೂ ಸೇರಿಸಿ ಮಾಡಿದವರು ಯಾರಾದರೂ ಇದ್ದೀರಾ?

ಬಿಪಿ ರೀಡಿಂಗ್ ಅನ್ನು ಬ್ಲೂಟೂತ್ ಮೆಷಿನ್‌ನಿಂದ ನೇರವಾಗಿ ತಗೊಳ್ಳಲಾ, ಹೆಲ್ತ್ ಕನೆಕ್ಟ್ (ಆ್ಯಪ್‌ಗಳ ನಡುವೆ ಆರೋಗ್ಯದ ಮಾಹಿತಿ ಹಂಚುವ ಆಂಡ್ರಾಯ್ಡ್ ವ್ಯವಸ್ಥೆ) ಮೂಲಕವಾ? ಅಮ್ಮನ ಶುಗರ್ ಮೀಟರ್ ಮಿಲಿಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ, ಅಕ್ಕನಿಗೆ ಮಿಲಿಮೋಲ್ (ಶುಗರ್ ಅಳೆಯುವ ಇನ್ನೊಂದು ಲೆಕ್ಕ) ಅಭ್ಯಾಸ. ಅದು ಬಿಡಿ, ಮಿಲಿಗ್ರಾಂ ಅಂಕಿಯನ್ನು 18ರಿಂದ ಭಾಗಿಸಿದರೆ ಆಯ್ತು.

ನಿಜವಾದ ಪ್ರಶ್ನೆ ಬೇರೆಯೇ. ಮೊದಲ ಡಿಸೈನ್ ತೋರಿಸಿದಾಗ ಅಪ್ಪ, "ನನ್ನ ಮೇಲೆ ಕಾವಲು ಹಾಕ್ತಿದ್ದೀಯಾ?" ಅಂದರು. ತಪ್ಪೇನಿಲ್ಲ, ಅಲ್ವಾ? ಯಾವುದು ನಮಗೆ ಕಾಣಬೇಕು ಅಂತ ಅವರೇ ತೀರ್ಮಾನಿಸುವ ಹಾಗೆ, ಆದರೆ ಹತ್ತು ಬಟನ್ ಇಲ್ಲದ ಹಾಗೆ ಸ್ಕ್ರೀನ್ ಹೇಗೆ ಮಾಡುವುದು? ವಯಸ್ಸಾದವರಿಗೆ ಆ್ಯಪ್ ಮಾಡಿದವರು ದಯವಿಟ್ಟು ಸ್ಕ್ರೀನ್‌ಶಾಟ್ ಹಾಕಿ.