ನರಿ ಅಲ್ಲ, ಮದುವೆ ಗಂಡು

ಸ್ಮಿತಾ: ಗ್ರೂಪಿಗೆ ಹಾಡಿನ ಲಿಂಕ್ ಕಳಿಸಿದ್ದೇನೆ, ಎಲ್ಲರೂ ಕೇಳಿ. ಮಿಸ್ಟರ್ ಫಾಕ್ಸ್ ಅಂತ ಬ್ಯಾಂಡ್, 1970ರ ಆಲ್ಬಮ್. ಇಂಗ್ಲೆಂಡಿನಲ್ಲಿ ನಮ್ಮ ಲೀಡ್ಸ್‌ನಿಂದ ಉತ್ತರಕ್ಕೆ ಹೋದರೆ ಯಾರ್ಕ್‌ಶೈರ್ ಡೇಲ್ಸ್ ಕಣಿವೆಗಳು. ಅಲ್ಲಿಯ ಕಥೆಗಳೇ ಹಾಡಾಗಿವೆ.

ದೊಡ್ಡಪ್ಪ: ಕೇಳಿದೆ. ಆ ಹೆಂಗಸು ಪಿಟೀಲಿನ ಜೊತೆ ಜಗಳಕ್ಕೆ ನಿಂತ ಹಾಗಿದೆ. ಬೆಳಗ್ಗೆ ಬೆಳಗ್ಗೆ ಇದೇನಮ್ಮ?

ಸ್ಮಿತಾ: ಅವರು ಕ್ಯಾರೊಲ್ ಪೆಗ್. ಗಂಡ ಬಾಬ್ ಪೆಗ್. ಇಬ್ಬರೂ ಹಳ್ಳಿ ಹಳ್ಳಿ ತಿರುಗಿ ಮುದುಕರ ಹಾಡು, ಕುಣಿತದ ಮಟ್ಟು ಎಲ್ಲ ರೆಕಾರ್ಡ್ ಮಾಡಿಕೊಂಡವರು.

ದೊಡ್ಡಪ್ಪ: ಹಾಗಾದರೆ ಆ ಮುದುಕರ ಹಾಡನ್ನೇ ಹಾಡಬೇಕಿತ್ತು. ಕೆಳಗೆ ಬರೆದಿದೆ ನೋಡು, ಜಾಸ್ತಿ ಹಾಡು ಇವರದ್ದೇ. ಬರೆದವರ ಹೆಸರು ಇದ್ದಮೇಲೆ ಅದೆಂಥ ಜಾನಪದ?

ಸ್ಮಿತಾ: ಹಳೇ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ಸೇರಿಸುವ ಕೆಲಸ ಫೇರ್‌ಪೋರ್ಟ್ ಕನ್ವೆನ್ಷನ್ ಅನ್ನುವ ಇನ್ನೊಂದು ಬ್ಯಾಂಡ್ ಆಗಲೇ ಮಾಡಿತ್ತು. ಇವರಿಗೆ ಬೇಕಿದ್ದದ್ದು ಹಳ್ಳಿ ಬ್ಯಾಂಡಿನ ಸದ್ದು. ಅದಕ್ಕೇ ಪಿಟೀಲು, ಆರ್ಗನ್, ಸೆಲ್ಲೊ, ಬಸೂನ್.

ಚಿಕ್ಕಮ್ಮ: ಬಸೂನ್ ಅಂದರೆ?

ರಘು: ಉದ್ದಕ್ಕಿರುತ್ತೆ ಚಿಕ್ಕಮ್ಮ, ಊದುವುದು. ದೊಡ್ಡಪ್ಪನ ಗೊರಕೆ ಹಾಗೆ ಕೇಳಿಸುತ್ತೆ.

ದೊಡ್ಡಪ್ಪ: ರಘು, ನಿನಗೆ ಆಫೀಸ್ ಇಲ್ವಾ?

ಸ್ಮಿತಾ: ನೆಡ್ಡಿ ಡಿಕ್ ಹಾಡು ಕೇಳಿ ದೊಡ್ಡಪ್ಪ. ನಿಜವಾಗಿ ಇದ್ದ ಮನುಷ್ಯ, ಸ್ವೇಲ್‌ಡೇಲ್ ಕಣಿವೆಯ ಕೆಲ್ಡ್ ಊರಿನವನು. ಹೊಳೆಯಲ್ಲಿ ಕಲ್ಲು ಆಯ್ದು, ಬಡಿದು ನೋಡಿ, ಸ್ವರ ಬರುವ ಕಲ್ಲುಗಳನ್ನು ಸಾಲಾಗಿ ಜೋಡಿಸಿ ನುಡಿಸುತ್ತಿದ್ದ. ಅವನ ಮೇಲೆ ಹಾಡು ಕಟ್ಟಿದರೆ ಜಾನಪದ ಅಲ್ವಾ?

ದೊಡ್ಡಪ್ಪ: ಕಥೆ ಜಾನಪದ. ಹಾಡು ನಿನ್ನ ಬಾಬ್‌ದು.

ಅತ್ತೆ: ಎಲ್ಲರಿಗೂ ಶುಭೋದಯ. ಇವತ್ತು ಸಂಕಷ್ಟಿ, ನೆನಪಿರಲಿ.

ಚಿಕ್ಕಮ್ಮ: ಫಾಕ್ಸ್ ಅಂದರೆ ನರಿ ತಾನೇ?

ಸ್ಮಿತಾ: ಇಲ್ಲ, ಇಂಗ್ಲೆಂಡಿನ ಹಳೇ ಕಥೆಯ ಮದುವೆ ಗಂಡು. ಮದುವೆಗೆ ಮುಂಚೆ ಹುಡುಗಿ ಅವನ ಮನೆಗೆ ಕದ್ದು ಹೋಗುತ್ತಾಳೆ. ಒಂದು ಕೋಣೆ ತುಂಬ ಅವನು ಕೊಂದ ಹೆಂಗಸರ ಹೆಣ. ಅಷ್ಟರಲ್ಲಿ ಅವನು ಇನ್ನೊಬ್ಬಳನ್ನು ಎಳೆದುಕೊಂಡು ಬರುತ್ತಾನೆ. ಇವಳು ಅಡಗುತ್ತಾಳೆ. ಅವನು ಕಡಿದ ಆ ಇನ್ನೊಬ್ಬಳ ಕೈ ಬಂದು ಇವಳ ಮಡಿಲಿಗೇ ಬೀಳುತ್ತದೆ. ಮಾರನೇ ದಿನ ಎಲ್ಲರೂ ಊಟಕ್ಕೆ ಕೂತಾಗ, ಕನಸು ಬಿತ್ತು ಅಂತ ಹೇಳುತ್ತಾ ಹೋಗುತ್ತಾಳೆ. ಎಲ್ಲ ಸುಳ್ಳು ಅನ್ನುತ್ತಾನೆ ಅವನು. ಆಗ ಉಂಗುರ ಇದ್ದ ಆ ಕೈ ತೆಗೆದು ತೋರಿಸುತ್ತಾಳೆ.

ಚಿಕ್ಕಮ್ಮ: ಅಯ್ಯೋ, ಇಡ್ಲಿ ಕೈಯಲ್ಲೇ ಇದೆ ಕಣೇ! ಆಮೇಲೆ?

ಸ್ಮಿತಾ: ಅಲ್ಲಿದ್ದವರೆಲ್ಲ ಕತ್ತಿ ತೆಗೆದು ಅವನ ಕಥೆ ಮುಗಿಸುತ್ತಾರೆ.

ರಘು: ಬ್ಯಾಂಡ್ ಕಥೆ ಏನಾಯಿತು?

ಸ್ಮಿತಾ: 1972ಕ್ಕೇ ಮುಗಿಯಿತು. ಎರಡೇ ಆಲ್ಬಮ್. ಕ್ಯಾರೊಲ್ ಆಮೇಲೆ ಮಂಗೋಲಿಯಾದ ಸಂಗೀತದ ಮೇಲೆ ಸಂಶೋಧನೆ ಮಾಡಿದರು. ಬಾಬ್ ಸ್ಕಾಟ್ಲೆಂಡಿನಲ್ಲಿ ಕಥೆ ಹೇಳುವವರಾದರು.

ದೊಡ್ಡಪ್ಪ: ನೋಡು, ಅವನೂ ಕಡೆಗೆ ಕಥೆಗೇ ಬಂದ.

ಸ್ಮಿತಾ: ನಿಮ್ಮ ಜೊತೆ ಗೆಲ್ಲೋಕಾಗಲ್ಲ ದೊಡ್ಡಪ್ಪ.

ದೊಡ್ಡಪ್ಪ: ಆ ಕಲ್ಲಿನವನ ಹಾಡು ಇನ್ನೊಮ್ಮೆ ಕಳಿಸು. ಮೇಲೆಲ್ಲೋ ಹೋಯಿತು, ಸಿಗ್ತಾ ಇಲ್ಲ.