ಗ್ರಾಮಸಭೆಯಲ್ಲಿ ದನಿ ಏರಿಸದೆ ಮಾತಾಡೋದು ಹೇಗೆ?

ಪ್ರಶ್ನೆ: ಪಂಚಾಯ್ತಿಗೆ ಮೊದಲ ಸಲ ಗೆದ್ದ ಸದಸ್ಯೆ ನಾನು. ನೀರಿನ ವಿಷಯ ಎತ್ತಿದ ಕೂಡಲೇ ನಾಲ್ಕು ಜನ ಒಟ್ಟಿಗೆ ಕೂಗಾಡ್ತಾರೆ. ನಾನೂ ಕೂಗಿದರೆ ಗಂಟಲು ಕಟ್ಟುತ್ತೆ, ಹೇಳಬೇಕಾದ್ದೇ ಮರೆತುಹೋಗುತ್ತೆ. ಏನು ಮಾಡ್ಲಿ?

ಉತ್ತರ 1: ಅಕ್ಕಾ, ಒಂದು ತಾಳಮದ್ದಳೆ ನೋಡಿ, ಅಂದ್ರೆ ಯಕ್ಷಗಾನದ ಮಾತಿನ ಕೂಟ. ನಾನು ಪುತ್ತೂರಿನ ಹವ್ಯಾಸಿ ಅರ್ಥಧಾರಿ, ಅದರಲ್ಲಿ ಪಾತ್ರವಾಗಿ ಮಾತಾಡುವವ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಕೂತಲ್ಲೇ ಮಾತು. ಹಾಡುವ ಭಾಗವತರ ಪದ ಮುಗಿದ ಮೇಲೂ ನಾನು ಒಂದು ಉಸಿರು ಸುಮ್ಮನಿರ್ತೇನೆ. ಸಭೆ ತಾನಾಗಿ ಇತ್ತ ತಿರುಗ್ತದೆ. ಮೊದಲ ವರ್ಷ ‘ಕರ್ಣಭೇದನ’ ಪ್ರಸಂಗದಲ್ಲಿ ಕರ್ಣನಾಗಿ ಕಿರುಚಿ ಕಿರುಚಿ ಅರ್ಧ ಗಂಟೆಗೇ ಸ್ವರ ಹೋಗಿತ್ತು. ಎದುರು ಕೃಷ್ಣನಾಗಿದ್ದ ಹಿರಿಯರು ಮೆಲ್ಲಗೆ ಒಂದೇ ಪ್ರಶ್ನೆ ಕೇಳಿ ನನ್ನನ್ನು ಮುಗಿಸಿದ್ರು! ವಾಕ್ಯದ ಕೊನೆಗೆ ದನಿ ಇಳಿಸಿ.

ಉತ್ತರ 2: ನಾನು ನಿವೃತ್ತ ಪಂಚಾಯ್ತಿ ಕಾರ್ಯದರ್ಶಿ. ದನಿಗಿಂತ ಕಾಗದ ಮುಖ್ಯ ಕಣಮ್ಮಾ. ಯಾವ ಬೋರ್‌ವೆಲ್ ಎಂದಿನಿಂದ ಕೆಟ್ಟಿದೆ ಅಂತ ಬರೆದುಕೊಂಡು ಹೋಗಿ. ಓದಿ, ‘ಇದನ್ನ ನಡಾವಳಿ ಪುಸ್ತಕದಲ್ಲಿ ಬರೀರಿ’ ಅಂದು ಕೂತುಬಿಡಿ. ಕೂಗೋರೇ ಆಮೇಲೆ ಬಗ್ಗಿ ನೋಡ್ತಾರೆ, ಏನು ಬರೆದ್ರು ಅಂತ.

ಪ್ರಶ್ನೆ ಕೇಳಿದವರು: ಸರಿ ಸಾರ್. ಆ ಒಂದು ಉಸಿರಿನ ಉಪಾಯನ ಮೊದಲು ಮನೇಲಿ ಅತ್ತೆ ಎದುರು ಪ್ರಯತ್ನಿಸಿ ನೋಡ್ತೀನಿ.